ಮತದ ಕಳ್ಳತನಕ್ಕೆ ಮೊಕದ್ದಮೆ ಹೂಡುವವರು ಯಾರು?

ಚುನಾವಣೆಯಲ್ಲಿ ಮೋಸವಾದರೆ ಯಾರಿಗೆ ದೂರು ಕೊಡಬೇಕೆಂದು ನಾವೆಲ್ಲ ಕೇಳುತ್ತೇವೆ. ಆ ದೂರನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವ ಅಧಿಕಾರ ಯಾರದು ಎಂದು ಕೇಳುವುದು ಮಾತ್ರ ಕಡಿಮೆ. ಅಮೆರಿಕಾದ ಟೆಕ್ಸಾಸ್ ರಾಜ್ಯದಲ್ಲಿ ಈ ಎರಡನೆಯ ಪ್ರಶ್ನೆಗೆ ಒಂದೂವರೆ ಶತಮಾನದ ಚರಿತ್ರೆಯಿದೆ.

ಅಲ್ಲಿನ ವ್ಯವಸ್ಥೆ ನಮ್ಮದರಂತಲ್ಲ. ನಮ್ಮಲ್ಲಿ ಜಿಲ್ಲೆಯ ಸರ್ಕಾರಿ ವಕೀಲರನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಜಿಲ್ಲಾ ಅಟಾರ್ನಿಯನ್ನು ಆ ಭಾಗದ ಜನರೇ ಮತ ಹಾಕಿ ಆರಿಸುತ್ತಾರೆ. ಇಡೀ ರಾಜ್ಯಕ್ಕೆ ಒಬ್ಬ ಅಟಾರ್ನಿ ಜನರಲ್ ಇದ್ದಾರೆ, ಅವರೂ ಚುನಾಯಿತರೇ. ಇಬ್ಬರೂ ಪ್ರಜೆಗಳ ಮತದಿಂದ ಬಂದವರು, ಹಾಗಾಗಿ ಯಾರೂ ಯಾರ ಕೈಕೆಳಗಿನವರೂ ಅಲ್ಲ.

ಇದರ ಬೇರು 1876ರ ಸಂವಿಧಾನದಲ್ಲಿದೆ. ಅಂತರ್ಯುದ್ಧದ ನಂತರ 1870ರಲ್ಲಿ ಎಡ್ಮಂಡ್ ಡೇವಿಸ್ ಎಂಬವರು ಗವರ್ನರ್ ಆದರು. ಅವರು ಕಟ್ಟಿದ ರಾಜ್ಯ ಪೊಲೀಸ್ ಪಡೆಯಲ್ಲಿ ಕಪ್ಪು ಜನಾಂಗದವರೂ ಇದ್ದರು. ಹಳೆಯ ಜಮೀನ್ದಾರರಿಗೆ ಇದು ಸಹಿಸಲಾಗದ ಸಂಗತಿಯಾಯಿತು. ಡೇವಿಸ್ ಸೋತ ಮೇಲೆ ಬರೆದ ಹೊಸ ಸಂವಿಧಾನ ರಾಜ್ಯದ ಕೈಗಳನ್ನು ಕಟ್ಟಿ ಅಧಿಕಾರವನ್ನು ಸ್ಥಳೀಯರಿಗೆ ಹಂಚಿತು. ಕೆಳ ನ್ಯಾಯಾಲಯಗಳಲ್ಲಿ ಮೊಕದ್ದಮೆ ನಡೆಸುವುದು ಜಿಲ್ಲಾ ಮತ್ತು ಕೌಂಟಿ ಅಟಾರ್ನಿಗಳ ಪಾಲಿಗೆ ಬಂತು. ದಬ್ಬಾಳಿಕೆ ತಡೆಯುವ ಏರ್ಪಾಡು ಎಂದು ಇದನ್ನು ಹೊಗಳುವವರು, ಯಾರ ಭಯದಿಂದ ಇದು ಹುಟ್ಟಿತೆಂಬುದನ್ನು ಹೇಳುವುದಿಲ್ಲ. ಊರಿನ ಅಧಿಕಾರ ಯಾರ ಕೈಯಲ್ಲಿತ್ತೋ ಅವರದೇ ನ್ಯಾಯವಾಯಿತು. ಫೋರ್ಟ್ ಬೆಂಡ್ ಕೌಂಟಿಯಲ್ಲಿ 1889ರಿಂದ ಬಿಳಿಯರ ಒಂದು ಸಂಘ ತನ್ನದೇ ಖಾಸಗಿ ಚುನಾವಣೆ ನಡೆಸಿ ಅಭ್ಯರ್ಥಿಗಳನ್ನು ಮೊದಲೇ ಗೊತ್ತುಮಾಡುತ್ತಿತ್ತು. ಕಪ್ಪು ಜನರಿಗೆ ಅಲ್ಲಿ ಮತವಿರಲಿಲ್ಲ. ಅದನ್ನು ನಿಲ್ಲಿಸಲು 1953ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಸ್ಥಳೀಯ ದರ್ಬಾರು ಹೇಗಿರುತ್ತದೆಂದು ತಿಳಿಯಲು 1948ರ ಕಥೆಯೊಂದೇ ಸಾಕು. ಸೆನೆಟ್ ಸ್ಥಾನದ ಡೆಮಾಕ್ರಟಿಕ್ ಉಮೇದುವಾರಿಕೆಗಾಗಿ ಲಿಂಡನ್ ಜಾನ್ಸನ್ ಮತ್ತು ಮಾಜಿ ಗವರ್ನರ್ ಕೋಕ್ ಸ್ಟೀವನ್‌ಸನ್ ಸೆಣಸಿದರು. ಆಗಸ್ಟ್ 28ರಂದು ಮತದಾನ. ಸ್ಟೀವನ್‌ಸನ್ ಗೆದ್ದರೆಂದೇ ಎಲ್ಲರೂ ತಿಳಿದಿದ್ದರು. ಕೆಲವು ದಿನಗಳ ಮೇಲೆ ಜಿಮ್ ವೆಲ್ಸ್ ಕೌಂಟಿಯ ಆಲಿಸ್ ಪಟ್ಟಣದ 13ನೇ ಪೆಟ್ಟಿಗೆಯ ಲೆಕ್ಕ ತಿದ್ದುಪಡಿಯಾಗಿ ಬಂತು. ಜಾನ್ಸನ್‌ಗೆ 200 ಮತ ಹೆಚ್ಚಾಯಿತು. ಸುಮಾರು ಹತ್ತು ಲಕ್ಷ ಮತಗಳ ಚುನಾವಣೆಯಲ್ಲಿ ಅವರು ಗೆದ್ದದ್ದು ಬರೇ 87 ಮತಗಳಿಂದ. ಮತದಾರರ ಪಟ್ಟಿಯ ಕೊನೆಗೆ ಸೇರಿದ್ದ ಹೆಸರುಗಳು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಅಕ್ಷರಾನುಕ್ರಮದಲ್ಲಿ ಇದ್ದವಂತೆ. ಮತದಾರರು ಅಷ್ಟು ಶಿಸ್ತಿನಿಂದ ಸಾಲಿನಲ್ಲಿ ನಿಂತದ್ದನ್ನು ನಾವು ಬೇರೆಲ್ಲೂ ಕೇಳಿಲ್ಲ!

ಆ ಪ್ರದೇಶ ಜಾರ್ಜ್ ಪಾರ್ ಎಂಬ ಧಣಿಯ ಹಿಡಿತದಲ್ಲಿತ್ತು. 'ಡೂವಲ್‌ನ ಡ್ಯೂಕ್' ಎಂದೇ ಅವನಿಗೆ ಹೆಸರು. ಮೆಕ್ಸಿಕನ್ ಮೂಲದ ಬಡ ಕೂಲಿಗಳಿಗೆ ಕಷ್ಟಕಾಲದಲ್ಲಿ ಹಣ ಕೊಡುವವನೂ ಅವನೇ, ಚುನಾವಣೆಯಲ್ಲಿ ಅವರ ಮತ ಎತ್ತಿಕೊಳ್ಳುವವನೂ ಅವನೇ. ಅಧಿಕಾರಿಗಳು ಅವನ ಜನ. ಅಂಥಲ್ಲಿ ಅವನ ಮೇಲೆ ಮೊಕದ್ದಮೆ ಹೂಡುವ ವಕೀಲನನ್ನು ಎಲ್ಲಿಂದ ತರುವುದು? ಸ್ಟೀವನ್‌ಸನ್ ಫೆಡರಲ್ ನ್ಯಾಯಾಲಯಕ್ಕೆ ಹೋದರು. ವಿಚಾರಣೆಯೂ ಆರಂಭವಾಯಿತು. ಆದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ತಡೆಯಾಜ್ಞೆ ಕೊಟ್ಟರು. 13ನೇ ಪೆಟ್ಟಿಗೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಮತಗಟ್ಟೆಯ ಅಧಿಕಾರಿ ಲೂಯಿಸ್ ಸಲಾಸ್ ಮೋಸವನ್ನು ಒಪ್ಪಿಕೊಂಡದ್ದು 1977ರಲ್ಲಿ, ಅಷ್ಟರಲ್ಲಿ ಪಾರ್ ಮತ್ತು ಜಾನ್ಸನ್ ಇಬ್ಬರೂ ತೀರಿಹೋಗಿದ್ದರು. ಪಾರ್‌ಗೆ ಫೆಡರಲ್ ಸರ್ಕಾರ ಜೈಲು ತೋರಿಸಿದ್ದು ಆದಾಯ ತೆರಿಗೆಯ ವಂಚನೆಗೆ, ಮತದ ವಂಚನೆಗಲ್ಲ. ಅದೇ ಜಾನ್ಸನ್ ರಾಷ್ಟ್ರಾಧ್ಯಕ್ಷರಾಗಿ 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಕಾನೂನಿಗೆ ಸಹಿ ಹಾಕಿದರು. ಚರಿತ್ರೆಯ ಇಂಥ ತಿರುವನ್ನು ಕಥೆಯಲ್ಲಿ ಬರೆದರೆ ಓದುಗರು ನಂಬಲಾರರು.

1951ರ ಚುನಾವಣಾ ಕಾನೂನು ಇಂಥ ಅಪರಾಧಗಳಲ್ಲಿ ಅಟಾರ್ನಿ ಜನರಲ್‌ಗೂ ಕೈಹಾಕುವ ಅವಕಾಶ ಕೊಟ್ಟಿತು. ಪಾರ್‌ನಂಥವರನ್ನು ನೆನೆದರೆ ಅದು ನ್ಯಾಯವೆಂದೇ ತೋರುತ್ತದೆ. ಆದರೆ ಅಸ್ತ್ರ ಯಾರ ಕೈಗೆ ಹೋಗುತ್ತದೆಂದು ಕಾನೂನು ಮಾಡಿದವರಿಗೆ ಗೊತ್ತಿರುವುದಿಲ್ಲ.

2016ರಲ್ಲಿ ಜೆಫರ್ಸನ್ ಕೌಂಟಿಯ ಶೆರಿಫ್ ಆಗಿ ಜೀನಾ ಸ್ಟೀಫನ್ಸ್ ಎಂಬ ಕಪ್ಪು ಮಹಿಳೆ ಗೆದ್ದರು. 100 ಡಾಲರ್ ಮೀರಿದ ನಗದು ದೇಣಿಗೆ ಪಡೆದರು, ಲೆಕ್ಕಪತ್ರದಲ್ಲಿ ಅದನ್ನು ತಪ್ಪಾಗಿ ತೋರಿಸಿದರು ಎಂಬ ಆರೋಪ ಬಂತು. ಅಲ್ಲಿನ ಜಿಲ್ಲಾ ಅಟಾರ್ನಿ ಮೊಕದ್ದಮೆ ಹೂಡಲಿಲ್ಲ. ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಚೇರಿ ಪಕ್ಕದ ಚೇಂಬರ್ಸ್ ಕೌಂಟಿಯ ಗ್ರ್ಯಾಂಡ್ ಜ್ಯೂರಿಯಿಂದ 2018ರಲ್ಲಿ ಆರೋಪಪಟ್ಟಿ ತಂದಿತು. ಅವಳನ್ನು ಆರಿಸಿದ ಜನ ಒಂದು ಕಡೆ, ವಿಚಾರಣೆ ಇನ್ನೊಂದು ಕಡೆ.

ಟೆಕ್ಸಾಸ್‌ನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ 2021ರ ಡಿಸೆಂಬರ್ 15ರಂದು ಆರೋಪಪಟ್ಟಿಯನ್ನು ವಜಾ ಮಾಡಲು ಹೇಳಿತು. ಸ್ಥಳೀಯ ಅಟಾರ್ನಿ ಕರೆಯದೆ ರಾಜ್ಯದ ಅಟಾರ್ನಿ ಜನರಲ್ ತಾನಾಗಿ ಮೊಕದ್ದಮೆ ಹೂಡುವಂತಿಲ್ಲ, ಅಂಥ ಅಧಿಕಾರ ಕೊಟ್ಟ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂಬುದು ತೀರ್ಪಿನ ಸಾರ. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಒಪ್ಪಿದರು. ಒಂಬತ್ತೂ ಮಂದಿ ಪ್ಯಾಕ್ಸ್‌ಟನ್ ಅವರದೇ ರಿಪಬ್ಲಿಕನ್ ಪಕ್ಷದವರು ಎಂಬುದನ್ನು ಗಮನಿಸಬೇಕು. ಸ್ವಂತ ಪಕ್ಷದ ಅಧಿಕಾರವನ್ನು ಕತ್ತರಿಸಿ ತೀರ್ಪು ಬರೆಯಲು ಗುಂಡಿಗೆ ಬೇಕು. ಅವರ ಧೈರ್ಯಕ್ಕೆ ನಾವು ಸಲಾಂ ಹೇಳುತ್ತೇವೆ. 1876ರ ಸಂವಿಧಾನ ಯಾವ ದುರುದ್ದೇಶದಿಂದ ಹುಟ್ಟಿದ್ದರೂ, ಇಲ್ಲಿ ಒಬ್ಬ ಕಪ್ಪು ಮಹಿಳೆಗೆ ಅದೇ ಗುರಾಣಿಯಾಯಿತು.

ಬೆಲೆ ತೆರದೆ ಬಿಡಲಿಲ್ಲ. ಪ್ಯಾಕ್ಸ್‌ಟನ್ ಆ ನ್ಯಾಯಾಧೀಶರ ವಿರುದ್ಧ ಪ್ರಚಾರಕ್ಕಿಳಿದರು. 2024ರ ಮಾರ್ಚ್ 5ರ ಪಕ್ಷದ ಒಳಚುನಾವಣೆಯಲ್ಲಿ ಮುಖ್ಯ ನ್ಯಾಯಾಧೀಶೆ ಶಾರನ್ ಕೆಲ್ಲರ್, ಬಾರ್ಬರಾ ಹರ್ವಿ, ಮಿಶೆಲ್ ಸ್ಲಾಟರ್ ಮೂವರೂ ಸೋತರು. ಕೆಲ್ಲರ್ ಅಂತೂ ಸುಮಾರು ಮೂರು ದಶಕ ಆ ಪೀಠದಲ್ಲಿ ಕೂತವರು.

ಹಾಗೆಂದು ತೀರ್ಪು ರಾಜ್ಯದ ದಾರಿಯನ್ನು ಪೂರ್ತಿ ಮುಚ್ಚಿಲ್ಲ. ಸ್ಥಳೀಯ ಅಟಾರ್ನಿ ಕರೆದರೆ ಹೋಗಬಹುದು. ದಕ್ಷಿಣ ಟೆಕ್ಸಾಸ್‌ನ ಫ್ರಿಯೋ ಕೌಂಟಿಯ ಪ್ರಕರಣದಲ್ಲಿ ಜಿಲ್ಲಾ ಅಟಾರ್ನಿಯೇ ಕರೆದಿದ್ದರು. 2024ರ ಆಗಸ್ಟ್ 20ರಂದು ಲ್ಯಾಟಿನೋ ಕಾರ್ಯಕರ್ತರ ಮನೆಗಳನ್ನು ರಾಜ್ಯದ ಅಧಿಕಾರಿಗಳು ಶೋಧಿಸಿ ಫೋನು, ಕಂಪ್ಯೂಟರ್‌ಗಳನ್ನು ಒಯ್ದರು. ಅವರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರೂ ಇದ್ದರು. ಹಿರಿಯರಿಗೆ ಮತ ಹಾಕಲು ನೆರವಾಗುವುದೇ ಅವರು ವರ್ಷಗಳಿಂದ ಮಾಡುತ್ತ ಬಂದ ಕೆಲಸವಾಗಿತ್ತು.