ಬೀಪ್ ಸದ್ದು: ಕಂಪ್ಯೂಟರ್ ಕೊಡುವ ಎಚ್ಚರಿಕೆ

ರಾಜಗೋಪಾಲನಗರ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಬಡಾವಣೆ. ಇಲ್ಲಿನ ಸಣ್ಣ ಕಾರ್ಖಾನೆಗಳಲ್ಲೂ ಬಿಲ್ ಬರೆಯುವುದರಿಂದ ಹಿಡಿದು ಸಿಎನ್‌ಸಿ ಯಂತ್ರ ನಡೆಸುವವರೆಗೆ ಕಂಪ್ಯೂಟರ್ ಬೇಕು. ಅದು ಕೆಟ್ಟು ಮಾನಿಟರ್‌ನಲ್ಲಿ ಏನೂ ಮೂಡದಿದ್ದಾಗ ಬೀಪ್ ಸದ್ದೇ ತೊಂದರೆಯ ಸುಳಿವು.

ಹುಟ್ಟಿದ ಬಗೆ

ಹಳೆಯ ಟೆಲಿಪ್ರಿಂಟರ್‌ಗಳಲ್ಲಿ ನಿಜವಾದ ಗಂಟೆಯೇ ಇತ್ತು. ಅದನ್ನು ಬಾರಿಸುವ ಸಂಕೇತಕ್ಕೆ, ಅಕ್ಷರಗಳಿಗೆ ಸಂಖ್ಯೆ ಕೊಡುವ 1963ರ ಆಸ್ಕಿ ಪಟ್ಟಿಯಲ್ಲಿ 7ನೇ ಸಂಖ್ಯೆ ಸಿಕ್ಕಿತು. 1981ರ ಐಬಿಎಂ ಪಿಸಿಯಲ್ಲಿ ಗಂಟೆಯ ಜಾಗಕ್ಕೆ ಪುಟ್ಟ ಸ್ಪೀಕರ್ ಬಂತು. ಆ ಪಿಸಿಯೊಳಗಿನ ಟೈಮರ್ ಚಿಪ್‌ಗೆ ಸೆಕೆಂಡಿಗೆ ಸುಮಾರು 11,93,182 ಮಿಡಿತಗಳು ಬರುತ್ತವೆ. ಅವನ್ನು 1193ರಿಂದ ಭಾಗಿಸಿದರೆ ಸುಮಾರು 1000 ಹರ್ಟ್ಸ್‌ನ ಸದ್ದು. ಭಾಗಿಸುವ ಸಂಖ್ಯೆ ಹಿಗ್ಗಿದಷ್ಟೂ ಸ್ವರ ತಗ್ಗುತ್ತದೆ.

ಆನ್ ಮಾಡಿದಾಗ

ವಿಂಡೋಸ್ ಶುರುವಾಗುವ ಮೊದಲೇ ಮದರ್‌ಬೋರ್ಡಿನ ಬಯಾಸ್ ತಂತ್ರಾಂಶ ರ‍್ಯಾಮ್, ಡಿಸ್ಪ್ಲೇ ಕಾರ್ಡ್‌ಗಳನ್ನು ಪರೀಕ್ಷಿಸುತ್ತದೆ. ಐಬಿಎಂ ಪಿಸಿಯಲ್ಲಿ ಒಂದು ಗಿಡ್ಡ ಬೀಪ್ ಎಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್ಪ್ಲೇ ದೋಷ. ಬಯಾಸ್ ತಯಾರಕರು ಬದಲಾದಂತೆ ಸಂಕೇತವೂ ಬದಲಾಗುತ್ತದೆ, ಆದ್ದರಿಂದ ಮದರ್‌ಬೋರ್ಡಿನ ಕೈಪಿಡಿ ನೋಡದೆ ಬಿಡಿಭಾಗ ಕೊಳ್ಳಬಾರದು. ಈಗ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಈ ಸದ್ದು ಮಾಡುವ ಬಝರ್ ಇರುವುದೇ ಇಲ್ಲ. ಇದು ಕೈಬಿಡಬಾರದಿದ್ದ ಸೌಕರ್ಯ.

ಕರೆಂಟ್ ಹೋದಾಗ

ಪೀಣ್ಯದ ಕಡೆ ಹೆಚ್ಚು ಪರಿಚಿತವಾದದ್ದು ಯುಪಿಎಸ್‌ನ ಬೀಪ್. ಬಿಟ್ಟುಬಿಟ್ಟು ಬಂದರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಓಡುತ್ತಿದೆ ಎಂದರ್ಥ. ಸದ್ದು ಬಿರುಸಾದರೆ ಅಥವಾ ನಿಲ್ಲದೆ ಬಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ. ಕೆಲಸವನ್ನು ಸೇವ್ ಮಾಡಿ ಕಂಪ್ಯೂಟರ್ ಆಫ್ ಮಾಡಬೇಕು.

ಯಂತ್ರಗಳ ಗದ್ದಲದಲ್ಲಿ

ಸಣ್ಣ ಬಝರ್‌ಗಳ ಸದ್ದು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಆಸುಪಾಸಿನದು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಮಂದವಾಗುವುದು 3000ದಿಂದ 6000 ಹರ್ಟ್ಸ್ ನಡುವೆ. ಎಚ್ಚರಿಕೆ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಸರಿಯಾಗಿ ಕೇಳಿಸದಿರುವ ಅಪಾಯ ಇಲ್ಲಿದೆ. ಅಪಾಯದ ಸದ್ದು ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬಲ್‌ಗೂ ಹೆಚ್ಚಿರಬೇಕು ಎಂದು ಐಎಸ್‌ಒ 7731 ಮಾನದಂಡ ಹೇಳುತ್ತದೆ. ಜೊತೆಗೆ ಕೆಂಪು, ಹಳದಿ, ಹಸಿರು ದೀಪಗಳ ಕಂಬವೂ ಯಂತ್ರದ ಮೇಲಿರಲಿ.

ರಿಪೇರಿಗೆ ಫೋನ್ ಮಾಡುವ ಮುನ್ನ ಬೀಪ್ ಎಷ್ಟು ಸಲ ಬಂತು, ಉದ್ದವೋ ಗಿಡ್ಡವೋ ಎಂದು ಬರೆದಿಟ್ಟುಕೊಳ್ಳಿ. ಆಗದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೆಕ್ಯಾನಿಕ್‌ಗೆ ಕಳುಹಿಸಿ.