ಪ್ಯಾಟರ್ನ್‌ಗಳಿಗೂ ಒಂದು ಕಾಲವಿದೆ

ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುವವರಲ್ಲಿ ಎಂವಿಸಿ ಮೇಲೋ, ಎಂವಿಪಿ ಮೇಲೋ, ಎಂವಿವಿಎಂ ಮೇಲೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಈ ಮೂರು ವಿನ್ಯಾಸ ಪ್ಯಾಟರ್ನ್‌ಗಳನ್ನೂ ಒಂದೇ ಕಣದ ಎದುರಾಳಿಗಳೆಂದು ತಿಳಿದಿರುವುದೇ ಅದಕ್ಕೆ ಕಾರಣ. ಅವು ಹುಟ್ಟಿದ ಸಂದರ್ಭಗಳನ್ನು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ: ಆಯಾ ಕಾಲದ ಉಪಕರಣಗಳು ಮಾಡದೆ ಬಿಟ್ಟ ಕೆಲಸವನ್ನು ಒಂದೊಂದು ಪ್ಯಾಟರ್ನೂ ವಹಿಸಿಕೊಂಡಿತು. ಉಪಕರಣ ಬದಲಾದಂತೆ ಪ್ಯಾಟರ್ನೂ ಬದಲಾಯಿತು.

ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಎಂವಿಸಿಯನ್ನು (ಮಾಡೆಲ್-ವ್ಯೂ-ಕಂಟ್ರೋಲರ್) ರೂಪಿಸಿದ್ದು 1978-79ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ. ದೊಡ್ಡದೊಂದು ಮಾಹಿತಿರಾಶಿಯನ್ನು (ಮಾಡೆಲ್) ಬಳಕೆದಾರ ಹಲವು ನೋಟಗಳಲ್ಲಿ (ವ್ಯೂ) ಕಂಡು ತಿದ್ದುವಂತಾಗಬೇಕೆಂಬುದು ಅವರ ಉದ್ದೇಶ. ಮುಂದೆ ಸ್ಮಾಲ್‌ಟಾಕ್-80 ಭಾಷೆಯಲ್ಲಿ ಪ್ರತಿ ವ್ಯೂಗೂ ಜೊತೆಯಾಗಿ ಒಂದು ಕಂಟ್ರೋಲರ್ ಇತ್ತು. ಮೌಸ್ ಮತ್ತು ಕೀಲಿಮಣೆಯ ಪ್ರತಿ ಚಲನೆಯನ್ನೂ ಅದೇ ಹಿಡಿಯಬೇಕಿತ್ತು. ವಿಂಡೋಸ್, ಮ್ಯಾಕಿಂಟಾಷ್‌ಗಳ ಸಿದ್ಧ ಬಟನ್ನು, ಟೆಕ್ಸ್ಟ್ ಬಾಕ್ಸುಗಳು ಆ ಕೆಲಸವನ್ನು ತಾವೇ ಮಾಡತೊಡಗಿದ ಮೇಲೆ ಕಂಟ್ರೋಲರ್‌ಗೆ ಮೊದಲಿನ ಕೆಲಸ ಉಳಿಯಲಿಲ್ಲ. 1996ರಲ್ಲಿ ಟ್ಯಾಲಿಜೆಂಟ್ ಕಂಪನಿಯ ಮೈಕ್ ಪೊಟೆಲ್ ಎಂವಿಪಿಯನ್ನು (ಮಾಡೆಲ್-ವ್ಯೂ-ಪ್ರೆಸೆಂಟರ್) ವಿವರಿಸಿದಾಗ, ಬಳಕೆದಾರನ ಕ್ರಿಯೆಯಿಂದ ಮಾಡೆಲ್ ಹೇಗೆ ಬದಲಾಗಬೇಕೆಂದು ನಿರ್ಧರಿಸುವ ಹೊಣೆ ಪ್ರೆಸೆಂಟರ್‌ಗೆ ಬಂತು. 2005ರಲ್ಲಿ ಮೈಕ್ರೋಸಾಫ್ಟ್‌ನ ಜಾನ್ ಗಾಸ್‌ಮನ್ ಎಂವಿವಿಎಂ (ಮಾಡೆಲ್-ವ್ಯೂ-ವ್ಯೂಮಾಡೆಲ್) ಅನ್ನು ಮುಂದಿಟ್ಟರು. ಅವರ ಕಣ್ಣೆದುರಿಗಿದ್ದ, ಪರದೆಗಳನ್ನು ಕಟ್ಟುವ ಚೌಕಟ್ಟಾದ ಡಬ್ಲ್ಯೂಪಿಎಫ್‌ನಲ್ಲಿ ಡೇಟಾ ಬೈಂಡಿಂಗ್ ಇತ್ತು. ಪರದೆಯನ್ನೂ ಮಾಹಿತಿಯನ್ನೂ ಹೊಂದಿಸುವ ಕೋಡನ್ನು ಕೈಯಿಂದ ಬರೆಯುವುದು ಬಹುಪಾಲು ತಪ್ಪಿತು. ಬೈಂಡಿಂಗ್ ಇಲ್ಲದ ಕಡೆ ಎಂವಿವಿಎಂ ಹೇರಿದರೆ ಅದೇ ಕೋಡನ್ನು ಮತ್ತೆ ನಾವೇ ಬರೆಯುತ್ತ ಕೂರಬೇಕು.

ಕ್ಲೈಂಟ್-ಸರ್ವರ್ ಚರಿತ್ರೆಯೂ ಇದನ್ನೇ ಹೇಳುತ್ತದೆ. 1990ರ ದಶಕದ ಆರಂಭದಲ್ಲಿ ವಿಶುವಲ್ ಬೇಸಿಕ್, ಪವರ್‌ಬಿಲ್ಡರ್ ಬಳಸಿದವರು ಫಾರ್ಮನ್ನು ನೇರವಾಗಿ ಡೇಟಾಬೇಸಿಗೆ ಜೋಡಿಸಿ, ವ್ಯವಹಾರದ ನಿಯಮಗಳನ್ನು ಬಟನ್ನಿನ ಹಿಂದೆಯೇ ಬರೆದುಬಿಡುತ್ತಿದ್ದರು. ಇಂದು ಅದನ್ನು ಅಡ್ಡದಾರಿ ಎನ್ನುವವರಿದ್ದಾರೆ. ಆದರೆ ಒಂದೇ ಕಚೇರಿಯ ನೆಟ್‌ವರ್ಕಿನ ಕೆಲವೇ ಫಾರ್ಮುಗಳಿಗೆ ಅದು ಸರಿಯಾದ ದಾರಿಯೇ ಆಗಿತ್ತು. ನಿಯಮವೊಂದು ಬದಲಾದರೆ ಪ್ರತಿ ಯಂತ್ರದಲ್ಲೂ ಹೊಸ ಪ್ರತಿ ಹಾಕಬೇಕಾದಾಗ, ಬಳಕೆದಾರರು ಹೆಚ್ಚಿ ಡೇಟಾಬೇಸ್ ಸಂಪರ್ಕಗಳು ಸಾಲದಾದಾಗ ನಡುವೆ ಮೂರನೆಯ ಸ್ತರ ಬಂತು. ಅದರ ಬೆನ್ನಿಗೇ ಹೊಸ ತೊಡಕೂ ಬಂತು: ಒಂದೇ ಯಂತ್ರದೊಳಗೆ ಕ್ಷಣಾರ್ಧದಲ್ಲಿ ಮುಗಿಯುವ ಸಣ್ಣ ಸಣ್ಣ ಕರೆಗಳು ನೆಟ್‌ವರ್ಕ್ ದಾಟುವಾಗ ತೆವಳತೊಡಗಿದವು. ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ಆಬ್ಜೆಕ್ಟ್‌ಗಳನ್ನು ಹಂಚಲೇಬೇಡಿ ಎಂಬುದನ್ನು ಮೊದಲ ನಿಯಮವನ್ನಾಗಿಸಿದರು. ಹಂಚದೆ ವಿಧಿಯಿಲ್ಲದವರಿಗೆ, ಬೇಕಾದ್ದೆಲ್ಲವನ್ನೂ ಒಂದೇ ಕರೆಯಲ್ಲಿ ತರುವ ರಿಮೋಟ್ ಫಸಾಡ್ ಮತ್ತು ಡೇಟಾ ಟ್ರಾನ್ಸ್‌ಫರ್ ಆಬ್ಜೆಕ್ಟ್‌ಗಳನ್ನು ಸೂಚಿಸಿದರು.

ಹಾಗಾದರೆ ಪ್ಯಾಟರ್ನ್ ಎಂದರೆ ಭಾಷೆಯ ಕೊರತೆಗೆ ಹಚ್ಚಿದ ತೇಪೆ ಮಾತ್ರವೇ? ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ 1994ರ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದ 23 ಪ್ಯಾಟರ್ನ್‌ಗಳಲ್ಲಿ 16 ಲಿಸ್ಪ್, ಡೈಲನ್ ಭಾಷೆಗಳಲ್ಲಿ ಸರಳವಾಗುತ್ತವೆ ಇಲ್ಲವೇ ಕಾಣದಂತಾಗುತ್ತವೆ ಎಂದು ಪೀಟರ್ ನಾರ್ವಿಗ್ 1996ರಲ್ಲಿ ವಾದಿಸಿದ್ದರು. ಆ ಪಟ್ಟಿಯ ಅಬ್ಸರ್ವರ್ ಪ್ಯಾಟರ್ನ್ ಇಂದು ಸಿ ಶಾರ್ಪ್‌ನಲ್ಲಿ ಭಾಷೆಯ ಭಾಗವೇ ಆಗಿರುವುದು ಇದನ್ನು ಬೆಂಬಲಿಸುತ್ತದೆ. ಆದರೆ ಯಾವ ಭಾಷೆ ಬಳಸಿದರೂ ನೆಟ್‌ವರ್ಕಿನ ವಿಳಂಬ ಇದ್ದೇ ಇರುತ್ತದೆ. ರಿಮೋಟ್ ಫಸಾಡ್ ಭಾಷೆ ಬದಲಾದರೂ ಉಳಿಯುವುದು ಅದಕ್ಕೇ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು: ಮಾಡೆಲನ್ನು ಪರದೆಯಿಂದ ಬೇರೆಯಿಡುವ ತತ್ವ 1979ರಿಂದ ಅಲುಗಾಡಿಲ್ಲವಲ್ಲ? ನಿಜ. ಪರದೆಗಳು ಬದಲಾಗುವ ವೇಗದಲ್ಲಿ ವ್ಯವಹಾರದ ನಿಯಮಗಳು ಬದಲಾಗುವುದಿಲ್ಲ. ಆ ಕಾರಣ ಇರುವವರೆಗೆ ತತ್ವವೂ ಇರುತ್ತದೆ. ಬದಲಾದದ್ದು ಎರಡರ ನಡುವಿನ ಮಧ್ಯವರ್ತಿ ಯಾರೆಂಬುದು ಮಾತ್ರ.

1994ರ ಆ ಪುಸ್ತಕವೇ ಪ್ರತಿ ಪ್ಯಾಟರ್ನ್‌ಗೂ ಅದು ಎಲ್ಲಿ ಸಲ್ಲುತ್ತದೆ, ಬಳಸಿದರೆ ಏನು ತೆರಬೇಕಾಗುತ್ತದೆ ಎಂಬ ಭಾಗಗಳನ್ನು ಇಟ್ಟಿದೆ. ಓದುಗರು ಚಿತ್ರಗಳನ್ನು ನೆನಪಿಟ್ಟು ಆ ಷರತ್ತುಗಳನ್ನು ಮರೆತರು. ಆಯ್ಕೆ ಶುರುವಾಗಬೇಕಾದದ್ದು ಷರತ್ತುಗಳಿಂದ: ನಮ್ಮ ಉಪಕರಣ ಈಗಾಗಲೇ ಏನನ್ನು ಮಾಡಿಕೊಡುತ್ತದೆ, ನೆಟ್‌ವರ್ಕಿನ ಗಡಿ ಎಲ್ಲಿ ಬೀಳುತ್ತದೆ, ಯಾವ ಭಾಗ ಪದೇ ಪದೇ ಬದಲಾಗುತ್ತದೆ. ಇವಕ್ಕೆ ಉತ್ತರ ಸಿಕ್ಕರೆ ಪ್ಯಾಟರ್ನ್‌ನ ಹೆಸರು ಗೌಣ. ಎಷ್ಟೋ ಸಲ ಎರಡು ಫಾರ್ಮುಗಳ ಅಪ್ಲಿಕೇಶನ್‌ಗೆ ಯಾವ ಪ್ಯಾಟರ್ನೂ ಬೇಡವೆಂಬುದೇ ಸರಿಯಾದ ಉತ್ತರವಾಗಿರುತ್ತದೆ.