ಕರೆಗಾಗಿ ಕಾಯುವ ಕತೆಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಮೆರಿಕದ ಮಧ್ಯಮವರ್ಗದಲ್ಲಿ ಪ್ರಣಯದ ಭೇಟಿ ನಡೆಯುತ್ತಿದ್ದುದು ಹೆಣ್ಣಿನ ಮನೆಯ ಹಜಾರದಲ್ಲಿ. ತರುಣನನ್ನು ಬರಹೇಳುವ ಅಧಿಕಾರ ಹುಡುಗಿಗೂ ಅವಳ ತಾಯಿಗೂ ಸೇರಿದ್ದ ಈ ಪದ್ಧತಿಗೆ ‘ಕಾಲಿಂಗ್’ ಎಂಬ ಹೆಸರಿತ್ತು. ನಗರಗಳ ಬಾಡಿಗೆ ಕೋಣೆಗಳಲ್ಲಿದ್ದ ದುಡಿಯುವ ಹೆಣ್ಣುಮಕ್ಕಳಿಗೆ ಅತಿಥಿಯನ್ನು ಕೂರಿಸಲು ಹಜಾರವೇ ಇರಲಿಲ್ಲವಾದ್ದರಿಂದ, ಭೇಟಿಯು ನೃತ್ಯಶಾಲೆ, ನಾಟಕಗೃಹಗಳಂಥ ದುಡ್ಡು ತೆರಬೇಕಾದ ಜಾಗಗಳಿಗೆ ಸರಿಯಿತು. ಖರ್ಚು ಗಂಡಿನದಾದ ಮೇಲೆ ಕರೆಯುವ ಹಕ್ಕೂ ಅವನದೇ ಆಯಿತು. ತಾರೀಖು ಎಂಬರ್ಥದ ‘ಡೇಟ್’ ಪದವನ್ನು ಶಿಕಾಗೋದ ಅಂಕಣಕಾರ ಜಾರ್ಜ್ ಏಡ್ ಇಂಥ ಭೇಟಿಗೆ ಬಳಸಿದ್ದು 1896ರಲ್ಲಿ.

ಈ ಪಲ್ಲಟದ ಇರಿಸುಮುರಿಸನ್ನು ಸಮಾಜಶಾಸ್ತ್ರಕ್ಕಿಂತ ಸಣ್ಣಕತೆಯೇ ಹೆಚ್ಚು ಸೂಕ್ಷ್ಮವಾಗಿ ದಾಖಲಿಸಿತೆನ್ನಬೇಕು. ಡೊರೊಥಿ ಪಾರ್ಕರ್ 1928ರಲ್ಲಿ ಪ್ರಕಟಿಸಿದ ‘ಎ ಟೆಲಿಫೋನ್ ಕಾಲ್’ ಕತೆ ಆದ್ಯಂತ ಒಬ್ಬ ಹೆಣ್ಣಿನ ಸ್ವಗತ, ಅಂದರೆ ಪಾತ್ರವೊಂದು ತನ್ನೊಳಗೇ ಆಡಿಕೊಳ್ಳುವ ಮಾತು; ಐದು ಗಂಟೆಗೆ ಫೋನು ಮಾಡುವೆನೆಂದವನಿಂದ ಏಳು ಕಳೆದರೂ ಕರೆ ಬಾರದಿರಲು, ಅವಳು ದೇವರಿಗೆ ಮೊರೆಯಿಡುತ್ತ, ಐದೈದರಂತೆ ಐನೂರರವರೆಗೆ ಎಣಿಸಲು ಹೊರಡುತ್ತಾಳೆ. ತಾನೇ ಕರೆ ಮಾಡಿದರೆ ಹಗುರಾಗುವೆನೆಂಬ ಅಳುಕು ಅವಳ ಕೈಯನ್ನು ಕಟ್ಟಿಹಾಕಿದೆ.

ಕ್ರಿಸ್ಟನ್ ರೂಪೇನಿಯನ್ ಅವರ ‘ಕ್ಯಾಟ್ ಪರ್ಸನ್’ 2017ರ ಡಿಸೆಂಬರ್‌ನಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ಬಂದಾಗ ಕಾಯುವಿಕೆ ಮೊಬೈಲಿಗೆ ಇಳಿದಿತ್ತು. ಚಿತ್ರಮಂದಿರದಲ್ಲಿ ತಿನಿಸು ಮಾರುವ ಇಪ್ಪತ್ತರ ಮಾರ್ಗೊ, ಮೂವತ್ತನಾಲ್ಕರ ರಾಬರ್ಟ್‌ನನ್ನು ಅರಿತದ್ದು ಬಹುಪಾಲು ಸಂದೇಶಗಳಲ್ಲಿ. ಅವನು ಹೇಳಿಕೊಂಡ ಬೆಕ್ಕುಗಳು ಅವನ ಮನೆಯಲ್ಲಿ ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಸಂಬಂಧ ಮುರಿದ ಮೇಲೆ ಅವನಿಂದ ಒಂದರ ಹಿಂದೊಂದು ಬರುವ ಸಂದೇಶಗಳಲ್ಲಿ ಕೊನೆಯದು ಒಂದೇ ಪದದ ಬೈಗುಳ.